ನಮ್ಮ ಹೊಸದುರ್ಗದ ಸ್ವಾಮಿ ರಾಮದಾಸರು

ನಮ್ಮ ಕಾಸರಗೋಡು ಜಿಲ್ಲೆಯ ತೆಂಕು ಭಾಗದಲ್ಲಿ ಕಾಞಂಗಾಡು ಎಂಬ ಪೇಟೆಯಿರುವುದನ್ನು ನಾವೆಲ್ಲರೂ ಬಲ್ಲೆವು. ಕೆಳದಿಯ ನಾಯಕರು ಅಲ್ಲಿ ಕಟ್ಟಿಸಿದ ಕೋಟೆಯಿಂದಾಗಿ ಆ ತಾಲೂಕಿಗೆ ಹೊಸದುರ್ಗವೆಂಬ ಹೆಸರು ಬಂದಿದೆ. ರೈಲಿನಲ್ಲಿ ಹೋಗುವಾಗ ಕಾಞಂಗಾಡು ನಿಲ್ದಾಣದಲ್ಲಿ ಉತ್ತರ ಭಾರತದವರೂ ಒಮ್ಮೊಮ್ಮೆ ಪರದೇಶದವರೂ ಚೀಲ ಹೆಗಲಿಗೇರಿಸಿ ಇಳಿಯುವುದನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಅವರೆಲ್ಲ ಹೋಗುವುದು ಪೇಟೆಯಿಂದ ಮೂಡು ದಿಕ್ಕಿಗೆ ಗುಡ್ಡದ ಬುಡದಲ್ಲಿರುವ ಆನಂದಾಶ್ರಮಕ್ಕೆ. ಸಾವಿರಾರು ಮೈಲು ದೂರದವರಿಗೆ ಗೊತ್ತಿರುವ ಈ ಸ್ಥಳ, ಅರ್ಧ ದಿನದಲ್ಲಿ ಹೋಗಿ ಬರಬಹುದಾದ ನಮಗೆ ಅಷ್ಟಾಗಿ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲವಷ್ಟೆ! ಆ ಆಶ್ರಮವನ್ನು ಕಟ್ಟಿದ ಸ್ವಾಮಿ ರಾಮದಾಸರ ಬಾಳಿನ ಕೆಲವು ಸಂಗತಿಗಳನ್ನು ಈ ವರ್ಷದ ಸಂಚಿಕೆಯಲ್ಲಿ ನಮ್ಮ ಓದುಗ ಮಿತ್ರರ ಮುಂದೆ ಇಡಬೇಕೆಂದು ನಮಗೆ ಅನಿಸಿತು.

ಸಾಧುಸಂತರ ಚರಿತ್ರೆಯೆಂದರೆ ಹುಟ್ಟಿದಂದಿನಿಂದಲೇ ಪವಾಡ, ತೊಟ್ಟಿಲಲ್ಲೇ ಧ್ಯಾನ ಎಂದು ಬರೆಯುವ ರೂಢಿಯುಂಟು. ರಾಮದಾಸರ ವಿಷಯದಲ್ಲಿ ಅದು ನಡೆಯದು. ಅವರು ಮೂವತ್ತೆಂಟು ವರ್ಷದ ತನಕ ನಮ್ಮ ನಿಮ್ಮ ಮನೆಯ ಹಿರಿಯರ ಹಾಗೆ ಕೆಲಸ ಹುಡುಕಿದವರು, ಕೆಲಸ ಕಳೆದುಕೊಂಡವರು, ಅಂಗಡಿಯಿಟ್ಟು ಸಾಲ ಮಾಡಿಕೊಂಡವರು, ರಾತ್ರಿ ನಿದ್ರೆ ಬಾರದೆ ಹೊರಳಿದವರು. ಅವರ ಕಥೆಯಲ್ಲಿ ನಮಗೆ ಬೇಕಾದ ಭಾಗ ಅದೇ ಎಂದು ನಾವು ತಿಳಿಯುತ್ತೇವೆ.

1884ನೆಯ ಇಸವಿ ಎಪ್ರಿಲ್ ತಿಂಗಳ 10ರಂದು ಹೊಸದುರ್ಗದಲ್ಲಿ ಒಂದು ಸಾರಸ್ವತ ಕುಟುಂಬದಲ್ಲಿ ಅವರು ಹುಟ್ಟಿದರು. ತಂದೆ ಬಾಲಕೃಷ್ಣರಾಯರು, ತಾಯಿ ಲಲಿತಾಬಾಯಿ. ಮಗುವಿಗೆ ಇಟ್ಟ ಹೆಸರು ವಿಠಲರಾವ್. ಮನೆ ತುಂಬ ಮಕ್ಕಳು, ಸಾಧಾರಣ ಸ್ಥಿತಿ. ಆಗ ನಮ್ಮ ಈ ಪ್ರದೇಶವು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕೇರಳಕ್ಕೆ ಸೇರಿದ್ದು 1956ರಲ್ಲಿ, ನಮ್ಮದೇ ಜಿಲ್ಲೆಯಾದದ್ದು 1984ರಲ್ಲಿ. ಆಗ ಈ ಕಡೆಗೆ ರೈಲೂ ಬಂದಿರಲಿಲ್ಲ. ಮಂಗಳೂರಿಗೆ ರೈಲು ತಲುಪಿದ್ದು 1907ರಲ್ಲಿ. ಅಂದರೆ ಬಾಲಕ ವಿಠಲನ ಕಾಲದಲ್ಲಿ ಹೊಸದುರ್ಗದವರಿಗೆ ಮಂಗಳೂರೂ ದೂರದ ಊರೇ.

ಹುಡುಗನಿಗೆ ಪಾಠಪುಸ್ತಕಕ್ಕಿಂತ ಬೇರೆ ಪುಸ್ತಕಗಳ ಮೇಲೆ ಪ್ರೀತಿ. ಚಿತ್ರ ಬರೆಯುವುದು, ಇತರರನ್ನು ಅನುಕರಿಸಿ ನಗಿಸುವುದು, ನಾಟಕವೆಂದರೆ ಜೀವ. ಪರೀಕ್ಷೆಗಳಲ್ಲಿ ಮಿಂಚಿದವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. (ನಮ್ಮ ತರಗತಿಯ ಕೆಲವು ಮಿತ್ರರು ಈ ವಾಕ್ಯವನ್ನು ಎರಡು ಸಲ ಓದಿಕೊಂಡಾರು!) ಮದರಾಸಿನ ಕಲಾಶಾಲೆಯಲ್ಲಿ ಕೆಲವು ಕಾಲ ಕಲಿತು, ಬಳಿಕ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬಟ್ಟೆ ತಯಾರಿಕೆಯ ವಿದ್ಯೆಯನ್ನು ಕಲಿತು ಡಿಪ್ಲೊಮಾ ಪಡೆದರು. 1908ರಲ್ಲಿ ರುಕ್ಮಾಬಾಯಿಯವರೊಡನೆ ವಿವಾಹವಾಯಿತು. ರಮಾಬಾಯಿ ಎಂಬ ಮಗಳು ಹುಟ್ಟಿದಳು. ಗುಲ್ಬರ್ಗದ ಹತ್ತಿ ಗಿರಣಿ ಮೊದಲ್ಗೊಂಡು ಬೇರೆ ಬೇರೆ ಊರುಗಳ ನೂಲುವ ಗಿರಣಿಗಳಲ್ಲಿ ದುಡಿದರು. ಎಲ್ಲಿಯೂ ಕಾಲು ನಿಲ್ಲಲಿಲ್ಲ. ಕೆಲವು ತಿಂಗಳು ಕೆಲಸ, ಮತ್ತೆ ಹಲವು ತಿಂಗಳು ಮನೆಯಲ್ಲಿ ಕೈಕಟ್ಟಿ ಕುಳಿತುಕೊಳ್ಳುವುದು, ಮತ್ತೊಂದು ಊರಿಗೆ ಗಂಟುಮೂಟೆ. ಹೀಗೆಯೇ ಹಲವು ವರುಷ ಹೋಯಿತು.

1917ರಲ್ಲಿ ಅವರು ಮಂಗಳೂರಿಗೆ ಬಂದು ಮಾವನವರ ಬಟ್ಟೆ ವ್ಯಾಪಾರದಲ್ಲಿ ಸೇರಿದರು. ಅಲ್ಲಿ ಮನಸ್ಸು ಕೂಡಿಬರಲಿಲ್ಲ. ಹೊರಗೆ ಬಂದು ಸೀರೆಗಳಿಗೆ ಬಣ್ಣ ಹಾಕಿ ಅಚ್ಚೊತ್ತುವ ಸ್ವಂತ ಉದ್ಯಮವನ್ನು ಆರಂಭಿಸಿದರು. ಕೆಲಸ ಬಲ್ಲವರು, ಕಲೆ ಬಲ್ಲವರು. ಆದರೆ ವ್ಯಾಪಾರ ಬೇರೆಯೇ ವಿದ್ಯೆ. ಕೈಗೆ ಬರಬೇಕಾದ ಹಣ ಬರಲಿಲ್ಲ, ಕೊಡಬೇಕಾದದ್ದು ಬೆಳೆಯಿತು. ಸಾಲದ ಮೇಲೆ ಸಾಲವಾಯಿತು. ಮನೆಯಲ್ಲಿಯೂ ನೆಮ್ಮದಿಯಿಲ್ಲದಾಯಿತು. ಈ ಕಾಲವನ್ನು ರಾಮದಾಸರು ಮುಂದೆ ತಮ್ಮ ಪುಸ್ತಕದ ಮೊದಲಿನಲ್ಲೇ ಬರೆದಿದ್ದಾರೆ. ಸುಮಾರು ಒಂದು ವರ್ಷ ಕಾಲ ಚಿಂತೆಯಲ್ಲೂ ಕಳವಳದಲ್ಲೂ ತಾವು ಒದ್ದಾಡಿದುದನ್ನು ಅವರು ಮರೆಮಾಚದೆ ಒಪ್ಪಿಕೊಂಡಿದ್ದಾರೆ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸಾಲಗಾರನಿಗೆ ಹಗಲು ಹೇಗೋ ಕಳೆಯುತ್ತದೆ. ಜನ ಬರುತ್ತಾರೆ, ಮಾತು ನಡೆಯುತ್ತದೆ, ಕೈಯಲ್ಲಿ ಕೆಲಸವಿರುತ್ತದೆ. ರಾತ್ರಿ ದೀಪವಾರಿದ ಮೇಲೆ ಮನಸ್ಸು ಒಂದೇ ವಿಷಯವನ್ನು ಹಿಡಿದು ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ನೂರು ಸಲ ಸುತ್ತಿದರೂ ಒಂದು ಕಾಸು ಸಾಲ ತೀರುವುದಿಲ್ಲ, ಮೈಯ ಕಸುವು ಮಾತ್ರ ಸೋರಿಹೋಗುತ್ತದೆ. ಮರುದಿನ ಎದ್ದಾಗ ಮಾಡಬೇಕಾದ ಕೆಲಸಕ್ಕೆ ಬಲವಿರುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಮಗೂ ಇದರ ಸಣ್ಣ ರುಚಿ ಸಿಕ್ಕಿದೆ. ಅಡಿಕೆಯ ಧಾರಣೆ ಬಿದ್ದ ವರ್ಷ ನಮ್ಮ ಮನೆಗಳ ಚಾವಡಿಯಲ್ಲಿ ಹಿರಿಯರು ಮಾತಿಲ್ಲದೆ ಕುಳಿತದ್ದನ್ನೂ ನಾವು ಕಂಡಿದ್ದೇವೆ. ವಿಠಲರಾಯರು ಸಿಕ್ಕಿಬಿದ್ದದ್ದು ಇಂಥದೇ ಸುಳಿಯಲ್ಲಿ.

ಆಗ ಅವರು ಹಿಡಿದ ದಾರಿ ಬಹಳ ಸಣ್ಣದು. ರಾಮ ಎಂಬ ಎರಡಕ್ಷರವನ್ನು ಬಿಡುವಿದ್ದಾಗಲೆಲ್ಲ ಬಾಯಲ್ಲಿ ಹೇಳಿಕೊಳ್ಳತೊಡಗಿದರು. ಹೇಳುವಷ್ಟು ಹೊತ್ತು ಮನಸ್ಸಿಗೆ ಏನೋ ತಂಪು. ಬಿಟ್ಟೊಡನೆ ಮತ್ತೆ ಚಿಂತೆ. ಆದುದರಿಂದ ಇನ್ನಷ್ಟು ಹೊತ್ತು ಹೇಳಿದರು. ಇದನ್ನು ಕಂಡು ಅವರ ತಂದೆ ಬಾಲಕೃಷ್ಣರಾಯರು ಒಂದು ಸಂಜೆ ಮಗನನ್ನು ಕರೆದು ತ್ರಯೋದಶಾಕ್ಷರಿ ಎನಿಸಿದ ರಾಮಮಂತ್ರವನ್ನು ಉಪದೇಶಿಸಿ, ಇದನ್ನು ಎಡೆಬಿಡದೆ ಜಪಿಸಿದರೆ ಶಾಂತಿ ದೊರೆಯುವುದೆಂದು ತಿಳಿಸಿದರು. ಹದಿಮೂರು ಅಕ್ಷರದ ಆ ಮಂತ್ರದ ಮೊದಲಿಗೆ ವಿಠಲರಾಯರು ತಾವಾಗಿ ಓಂಕಾರವನ್ನು ಸೇರಿಸಿಕೊಂಡರು. ತಂದೆಯನ್ನೇ ಅವರು ಕಡೆಯವರೆಗೂ ಗುರುವೆಂದು ಭಾವಿಸಿದರು. ಹೆಂಡತಿ ಮಕ್ಕಳಿರುವ, ವ್ಯಾಪಾರದಲ್ಲಿ ಸೋತ ಮಗನಿಗೆ ಬುದ್ಧಿವಾದ ಹೇಳಿ ಬೈಯುವ ತಂದೆಯರು ಲೋಕದಲ್ಲಿ ಹೇರಳ. ಬಾಲಕೃಷ್ಣರಾಯರು ಹಾಗೆ ಮಾಡದೆ ಮಗನ ಮನಸ್ಸಿಗೆ ಏನು ಬೇಕಾಗಿದೆಯೆಂದು ನೋಡಿದರು. ಈ ಒಂದು ಸಂಜೆಗಾಗಿ ಆ ಹಿರಿಯರಿಗೆ ನಾವು ಕೈಮುಗಿಯಬೇಕು.

ವಿಠಲರಾಯರು ನೂಲುವ ಗಿರಣಿಯಲ್ಲಿ ದುಡಿದವರೆಂದು ಹೇಳಿದೆವಷ್ಟೆ. ಗಿರಣಿಯಲ್ಲಿ ನೂರಾರು ಕದಿರುಗಳು ತಿರುಗುತ್ತಿರುವಾಗ ಅಲ್ಲಲ್ಲಿ ಎಳೆ ಕಡಿಯುವುದು ಸಹಜ. ಕಡಿಯಿತೆಂದು ಯಾರೂ ನೂಲನ್ನು ಎಸೆಯುವುದಿಲ್ಲ, ಯಂತ್ರದ ಮೇಲೆ ಸಿಟ್ಟಾಗುವುದೂ ಇಲ್ಲ. ಕೈ ಹಾಕಿ ಎರಡು ತುದಿಗಳನ್ನು ಕೂಡಿಸುತ್ತಾರೆ, ಕದಿರು ಮತ್ತೆ ತಿರುಗುತ್ತದೆ. ದಿನವಿಡೀ ಅದೇ ಕೆಲಸ. ಜಪವೂ ಧ್ಯಾನವೂ ಹಾಗೆಯೇ ಎಂದು ನಮಗೆ ತೋರುತ್ತದೆ. ಮನಸ್ಸು ಓಡಿಹೋಗುವುದು ತಪ್ಪಲ್ಲ. ಓಡಿದ್ದು ತಿಳಿದಾಗ ಎಳೆ ಕೂಡಿಸಬೇಕು, ಅಷ್ಟೆ. ಇದು ರಾಮದಾಸರು ಹೇಳಿದ ಮಾತಲ್ಲ, ಅವರ ಕಸುಬನ್ನು ನೆನೆದಾಗ ನಮಗೆ ಹೊಳೆದದ್ದು.

ಮುಂದಿನ ದಿನಗಳಲ್ಲಿ ಅವರ ಜೀವನಕ್ರಮವೇ ಬದಲಾಯಿತು. ನಯವಾದ ಬಟ್ಟೆ ಬಿಟ್ಟು ದಪ್ಪ ಖಾದಿ ಉಟ್ಟರು. ಹಾಸಿಗೆ ಬಿಟ್ಟು ಬರಿಯ ಚಾಪೆಯ ಮೇಲೆ ಮಲಗಿದರು. ಎರಡು ಹೊತ್ತಿನ ಊಟ ಒಂದು ಹೊತ್ತಿಗಿಳಿಯಿತು. ಬಳಿಕ ಅದೂ ಹೋಗಿ ಬಾಳೆಹಣ್ಣು, ಉಪ್ಪು ಖಾರವಿಲ್ಲದೆ ಬೇಯಿಸಿದ ಬಟಾಟೆ. ಗೀತೆಯನ್ನು ಓದಿದರು, ಬುದ್ಧನ ಕಥೆಯನ್ನು ಓದಿದರು, ಬೈಬಲಿನ ಹೊಸ ಒಡಂಬಡಿಕೆಯನ್ನು ಓದಿದರು, ವಿವೇಕಾನಂದರನ್ನೂ ರಾಮತೀರ್ಥರನ್ನೂ ಗಾಂಧೀಜಿಯವರ ಬರಹಗಳನ್ನೂ ಓದಿದರು. ರಾತ್ರಿಯ ಹೊತ್ತಿನ ಜಪ ಹಗಲಿಗೂ ಹಬ್ಬಿತು. ವ್ಯಾಪಾರ ಹಿಂದೆ ಬಿತ್ತು. ಬಂಧುಗಳಲ್ಲಿ ಕೆಲವರಿಗೆ ಇದು ಹುಚ್ಚಾಗಿ ಕಂಡುದರಲ್ಲಿ ಆಶ್ಚರ್ಯವೇನು?

1922ನೆಯ ಇಸವಿ ಡಿಸೆಂಬರ್ 27ರಂದು ವಿಠಲರಾಯರು ಮನೆ ಬಿಟ್ಟು ಹೊರಟರು. ಎರಡು ಪತ್ರಗಳನ್ನು ಬರೆದಿಟ್ಟರು. ಒಂದು ಮಡದಿಗೆ, ಇನ್ನೊಂದು, ಸಾಲದ ಬಾಧೆಯಿಂದ ಬಿಡಿಸಲು ಮುಂದೆ ಬಂದಿದ್ದ ಒಬ್ಬ ಸ್ನೇಹಿತನಿಗೆ. ಜತೆಯಲ್ಲಿ ಇಪ್ಪತ್ತೈದು ರೂಪಾಯಿ ಮತ್ತು ಕೆಲವು ಪುಸ್ತಕ. ರೈಲು ಹತ್ತಿ ಈರೋಡಿನ ಕಡೆಗೆ ಹೋದರು. ಅಲ್ಲಿಂದ ತಿರುಚಿನಾಪಳ್ಳಿ, ಶ್ರೀರಂಗ. ಶ್ರೀರಂಗದಲ್ಲಿ ಕಾವೇರಿಯಲ್ಲಿ ಮಿಂದು, ಬಿಳಿಯ ಬಟ್ಟೆಯನ್ನು ನದಿಗೆ ಬಿಟ್ಟು ಕಾವಿ ಉಟ್ಟು ರಾಮದಾಸರಾದರು. ಯಾವ ಮಠದಲ್ಲಿಯೂ ದೀಕ್ಷೆಯಿಲ್ಲ, ಸಾಕ್ಷಿಗೆ ಯಾರೂ ಇಲ್ಲ.

ಇದನ್ನು ನಮ್ಮ ಮನೆಯಲ್ಲಿ ಹೇಳಿದಾಗ ಅಜ್ಜಿ ಕೇಳಿದ ಮೊದಲ ಪ್ರಶ್ನೆ, ಆ ಹೆಂಗಸಿನ ಗತಿಯೇನಾಯಿತು ಎಂಬುದು. ಬುದ್ಧನ ಕಥೆ ಓದುವಾಗಲೂ ಯಶೋಧರೆಯ ಬಗ್ಗೆ ಇದೇ ಪ್ರಶ್ನೆ ಏಳುತ್ತದೆ. ಯಶೋಧರೆಗೆ ಅರಮನೆಯಾದರೂ ಇತ್ತು. ರುಕ್ಮಾಬಾಯಿಗೆ ಇದ್ದದ್ದು ಒಂಬತ್ತು ಹತ್ತು ವರ್ಷದ ಒಬ್ಬ ಮಗಳು, ಮುಳುಗಿದ ಒಂದು ವ್ಯಾಪಾರ, ಮತ್ತು ಒಂದು ಪತ್ರ. ಆ ಪತ್ರದಲ್ಲಿ, ಇನ್ನು ಮುಂದೆ ತಮ್ಮನ್ನು ಸೋದರಿಯಾಗಿ ಭಾವಿಸುವುದಾಗಿ ಗಂಡ ಬರೆದದ್ದನ್ನು ಓದಿದಾಗ ಆಕೆಯ ಮನಸ್ಸು ಏನಾಗಿರಬೇಡ! ದೊಡ್ಡವರ ಚರಿತ್ರೆಯನ್ನು ಬರೆಯುವವರು ಇಂಥ ಕಡೆ ಬೇಗಬೇಗನೆ ದಾಟಿಬಿಡುತ್ತಾರೆ. ಒಬ್ಬರ ಮನಶ್ಶಾಂತಿಯ ಬೆಲೆಯನ್ನು ಇನ್ನೊಬ್ಬರು ತೆರಬೇಕಾಯಿತೆಂಬುದನ್ನು ಮುಚ್ಚಿಡುವುದು ನಮಗೆ ಸರಿಯೆನಿಸದು. ಆದರೆ ಇನ್ನೊಂದನ್ನೂ ಹೇಳಬೇಕು. ಮುಂದೆ ಸಾವಿರಾರು ಮಂದಿ ಗೃಹಸ್ಥರು ರಾಮದಾಸರ ಬಳಿಗೆ ಬಂದು ಮನೆ ಬಿಡಬೇಕೇ ಎಂದು ಕೇಳಿದಾಗ, ಅವರು ಬಿಡಿರಿ ಎಂದು ಹುರಿದುಂಬಿಸಿದವರಲ್ಲ. ಇದ್ದಲ್ಲೇ ಇದ್ದು, ಕೆಲಸ ಮಾಡುತ್ತಲೇ ನಾಮವನ್ನು ಹಿಡಿಯುವಂತೆ ಅವರಿಗೆ ತಿಳಿಸುತ್ತಿದ್ದರು.

ಹೊರಟ ಮೇಲಿನ ಸುಮಾರು ಒಂದು ವರ್ಷದ ಯಾತ್ರೆ ರಾಮೇಶ್ವರದಿಂದ ಹಿಮಾಲಯದ ಕೇದಾರ ಬದರಿಯ ತನಕ ಚಾಚಿದೆ. ಊರೂರ ಹೆಸರು ಹೇಳುತ್ತ ಹೋದರೆ ಪುಟ ಸಾಲದು. ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ತಿರುವಣ್ಣಾಮಲೆಯದು. 1923ರಲ್ಲಿ ಅವರು ಅಲ್ಲಿ ರಮಣ ಮಹರ್ಷಿಗಳನ್ನು ಕಂಡರು. ಮಹರ್ಷಿಗಳು ಕೆಲವು ನಿಮಿಷ ಅವರನ್ನು ದೃಷ್ಟಿಸಿ ನೋಡಿದರು, ಮಾತಿಲ್ಲ. ಆ ನೋಟದಿಂದ ತುಂಬಿ ಬಂದು ರಾಮದಾಸರು ಅರುಣಾಚಲ ಬೆಟ್ಟದ ಒಂದು ಗುಹೆಯಲ್ಲಿ ಸುಮಾರು ಮೂರು ವಾರ ಕುಳಿತರು. ಬೇಡಿ ತಂದ ಅಕ್ಕಿಯನ್ನು ಉಪ್ಪಿಲ್ಲದೆ ಬೇಯಿಸಿ ತಿನ್ನುವುದು, ಉಳಿದ ಹೊತ್ತೆಲ್ಲ ಜಪ. ಒಂದು ಬೆಳಗ್ಗೆ ಹೊರಗೆ ಬಂದಾಗ ಮರ, ಕಲ್ಲು, ಮನುಷ್ಯ ಎಲ್ಲವೂ ಅವರಿಗೆ ರಾಮನಾಗಿಯೇ ಕಂಡಿತು. ಓಡಿಹೋಗಿ ಒಂದು ಮರವನ್ನು ತಬ್ಬಿಕೊಂಡರು. ಕಂಡವರು ಏನೆಂದುಕೊಂಡರೋ!

ಎರಡನೆಯದು ರೈಲಿನದು. ಸಾಧುಗಳು ಟಿಕೇಟಿಲ್ಲದೆ ಪ್ರಯಾಣ ಮಾಡುತ್ತಿದ್ದ ಕಾಲವದು. ಅಧಿಕಾರಿಗಳು ಹಿಡಿದು ಇಳಿಸುವುದೂ ವಾಡಿಕೆ. ಒಮ್ಮೆ ಐರೋಪ್ಯ ಉಡುಪಿನ ಒಬ್ಬ ಟಿಕೇಟು ತನಿಖೆಯವನು ಇವರ ಚೀಲವನ್ನು ಹುಡುಕಿದಾಗ ಅದರಲ್ಲಿ ಹೊಸ ಒಡಂಬಡಿಕೆಯ ಪುಸ್ತಕ ಸಿಕ್ಕಿತು. ಕಾವಿಯುಟ್ಟವನಿಗೂ ಕ್ರಿಸ್ತನಿಗೂ ಏನು ಸಂಬಂಧವೆಂದು ಅವನಿಗೆ ಬೆರಗು. ಕ್ರಿಸ್ತನೂ ದೇವರ ದೂತನೆಂದು ತಾವು ನಂಬಿರುವುದಾಗಿ ರಾಮದಾಸರು ತಿಳಿಸಿದಾಗ ಅವನು ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ ಹೋದನಂತೆ. ಎಲ್ಲ ಅಧಿಕಾರಿಗಳೂ ಹೀಗಿರಲಿಲ್ಲ. ಎಷ್ಟೋ ಕಡೆ ನಡುರಾತ್ರಿ ಇಳಿಸಿದರು. ರಾಮದಾಸರ ಪಾಲಿಗೆ ಇಳಿಸಿದವನೂ ರಾಮ, ಹತ್ತಿಸಿದವನೂ ರಾಮ. ಜತೆಗಿದ್ದ ಸಾಧುವನ್ನು ಸಾಧುರಾಮನೆಂದೇ ಕರೆದರು. ಇದು ಬರಿಯ ಬಾಯಿಮಾತಿನ ಆಟವಲ್ಲ. ಬೈದವನನ್ನು ನಾವು ರಾತ್ರಿಯೆಲ್ಲ ಮನಸ್ಸಿನಲ್ಲಿ ಹೊತ್ತು ತಿರುಗುತ್ತೇವಲ್ಲ, ಆ ಹೊರೆಯನ್ನು ಅವರು ಆಯಾ ನಿಲ್ದಾಣದಲ್ಲೇ ಇಳಿಸಿ ಮುಂದೆ ಹೋಗುತ್ತಿದ್ದರು. ತಮ್ಮ ವಿಷಯ ಹೇಳುವಾಗಲೂ ನಾನು ಎನ್ನದೆ ರಾಮದಾಸ ಎಂದು ಮೂರನೆಯವನ ಕಥೆಯಂತೆ ಹೇಳುವುದು ಅವರ ಪದ್ಧತಿಯಾಯಿತು. ತನ್ನನ್ನು ತಾನೇ ಸ್ವಲ್ಪ ದೂರದಿಂದ ನೋಡುವ ಅಭ್ಯಾಸವಿದು. ಸಿಟ್ಟು ಬಂದಾಗ ನಮ್ಮ ಹೆಸರು ಹಿಡಿದು ಇಂಥವನಿಗೆ ಸಿಟ್ಟು ಬಂದಿದೆ ಎಂದು ಹೇಳಿ ನೋಡಿದರೆ ನಗು ಬರುತ್ತದೆ. ನಾವು ಪರೀಕ್ಷಿಸಿ ನೋಡಿದ್ದೇವೆ.

ಯಾತ್ರೆಯ ಕೊನೆಗೆ ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಸ್ವಾಮಿಗಳ ಮಠದಲ್ಲಿದ್ದಾಗ ಸುದ್ದಿ ತಿಳಿದು ರುಕ್ಮಾಬಾಯಿಯವರೂ ಮಗಳೂ ಅಲ್ಲಿಗೆ ಬಂದರು. ಊರಿಗೆ ಬರಬೇಕೆಂದು ಕರೆದರು. ರಾಮದಾಸರು ಅವರೊಡನೆ ಮಂಗಳೂರಿಗೆ ಬಂದರು, ತಂದೆಗೆ ನಮಸ್ಕರಿಸಿದರು. ಸಂಸಾರಕ್ಕೆ ಮಾತ್ರ ಮರಳಲಿಲ್ಲ. ಕದ್ರಿಯ ಗುಡ್ಡದ ಮೇಲಿನ ಪಾಂಡವರ ಗುಹೆಯಲ್ಲಿ ನೆಲೆಸಿದರು. ಅಲ್ಲಿ ಕುಳಿತು ತಮ್ಮ ಒಂದು ವರ್ಷದ ಅಲೆದಾಟವನ್ನು ಇಂಗ್ಲಿಷಿನಲ್ಲಿ ಬರೆದರು. 'ಇನ್ ಕ್ವೆಸ್ಟ್ ಆಫ್ ಗಾಡ್' ಎಂಬ ಆ ಪುಸ್ತಕ 1925ರಲ್ಲಿ ಹೊರಬಂತು. ದೇಶವಿದೇಶಗಳ ಜನರನ್ನು ಕಾಞಂಗಾಡಿನ ಕಡೆಗೆ ಸೆಳೆದ ಪುಸ್ತಕಗಳಲ್ಲಿ ಅದೇ ಮೊದಲನೆಯದು. ವೇದಾಂತದ ಗಟ್ಟಿ ಮಾತುಗಳು ಅದರಲ್ಲಿ ಕಡಿಮೆ. ತಮ್ಮನ್ನೇ ನಗೆಯಾಡಿಕೊಳ್ಳುವುದು ಹೆಚ್ಚು. ಬಾಲ್ಯದ ನಾಟಕದ ಹುಚ್ಚು ಅಲ್ಲಿ ಉಪಯೋಗಕ್ಕೆ ಬಂತೆನ್ನಬಹುದು.

1928ರ ಜೂನ್ ತಿಂಗಳಲ್ಲಿ ನಮ್ಮ ಕಾಸರಗೋಡಿನ ಪಿಲಿಕುಂಜೆಯಲ್ಲಿ ಅವರಿಗೊಂದು ಸಣ್ಣ ಆಶ್ರಮವಾಯಿತು. ಆ ದಿನಗಳಲ್ಲೇ ಅಲ್ಲಿಗೆ ಬಂದವರು ಕೃಷ್ಣಾಬಾಯಿ. ಉತ್ತರ ಕನ್ನಡದ ಹಳಿಯಾಳದಲ್ಲಿ 1903ರಲ್ಲಿ ಹುಟ್ಟಿ, ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ಇಬ್ಬರು ಗಂಡುಮಕ್ಕಳ ತಾಯಿಯಾಗಿ, ಬದುಕಿನಲ್ಲಿ ಯಾವ ಆಸೆಯೂ ಉಳಿಯದೆ ಕುಗ್ಗಿಹೋಗಿದ್ದ ಹೆಣ್ಣುಮಗಳು. ರಾಮದಾಸರನ್ನು ಅವರು ಪಪ್ಪಾ ಎಂದು ಕರೆದರು. ಇಂದಿಗೂ ಭಕ್ತರು ಅದೇ ಹೆಸರಿನಿಂದ ನೆನೆಯುತ್ತಾರೆ. ತಂದೆ ತನಗೆ ಕೊಟ್ಟಿದ್ದ ಅದೇ ಹದಿಮೂರಕ್ಷರವನ್ನು ರಾಮದಾಸರು ಈ ಮಗಳಿಗೆ ಕೊಟ್ಟರು. ಕುಗ್ಗಿದ್ದ ಆ ಜೀವ ಎದ್ದು ನಿಂತಿತು. ಎಷ್ಟರ ಮಟ್ಟಿಗೆಂದರೆ ಮುಂದೆ ಆಶ್ರಮದ ಆಡಳಿತವೆಲ್ಲ ಅವರ ಹೆಗಲಿಗೇ ಬಂತು.

ಆದರೆ ಕಾಸರಗೋಡು ಅವರನ್ನು ಇರಗೊಡಲಿಲ್ಲ. ಪ್ರಾಯದ ವಿಧವೆಯೊಬ್ಬಳು ಸನ್ಯಾಸಿಯ ಆಶ್ರಮದಲ್ಲಿರುವುದೆಂದರೆ ಆ ಕಾಲದ ಜನರ ಬಾಯಿಗೆ ಬೀಗವುಂಟೇ? ಮಾತು ಬೆಳೆಯಿತು. ಬಂಧುಗಳು ಮುನಿದರು. ಕೊನೆಗೊಂದು ರಾತ್ರಿ ದುಷ್ಟರು ಆಶ್ರಮಕ್ಕೆ ನುಗ್ಗಿ ಕೃಷ್ಣಾಬಾಯಿಯವರ ಮೇಲೆ ಕೈಮಾಡಲು ಬಂದರು. ಇದು ನಮ್ಮ ಊರಿಗೆ ಹೆಮ್ಮೆಯ ಮಾತಲ್ಲ, ಆದರೂ ಬರೆಯದಿದ್ದರೆ ಚರಿತ್ರೆಯಾಗದು. ಎಲ್ಲರೂ ರಾಮನೆಂದು ಹೇಳುತ್ತಿದ್ದವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಯಾವುದಿದೆ? ಮರವನ್ನು ತಬ್ಬುವುದು ಸುಲಭ. ಮಗಳಂತಿದ್ದವಳ ಮೇಲೆ ಏರಿಬಂದವನ ಬಗ್ಗೆ ವಿಷವಿಲ್ಲದೆ ಇರುವುದು ಎಷ್ಟು ಮಂದಿಗೆ ಸಾಧ್ಯ? ರಾಮದಾಸರು ಹಗೆ ಸಾಧಿಸಲು ಹೋಗಲಿಲ್ಲ. ಆದರೆ ಎಲ್ಲವೂ ರಾಮನ ಇಚ್ಛೆಯೆಂದು ಅಲ್ಲಿಯೇ ಕುಳಿತುಕೊಳ್ಳಲೂ ಇಲ್ಲ. ಆಕೆಗೆ ಭದ್ರವಲ್ಲದ ಸ್ಥಳವನ್ನು, ಕಟ್ಟಿದ ಆಶ್ರಮ ಸಹಿತ, ಬಿಟ್ಟು ಹೊರಟರು. ಕ್ಷಮೆ ಬೇರೆ, ಎಚ್ಚರಿಕೆ ಬೇರೆ ಎಂಬುದು ಇಲ್ಲಿ ಕಾಣುತ್ತದೆ. ಮನಸ್ಸನ್ನು ಕಾಪಾಡಿಕೊಳ್ಳುವುದೆಂದರೆ ಬಂದ ಪೆಟ್ಟನ್ನೆಲ್ಲ ತಿನ್ನುತ್ತ ಕೂರುವುದೆಂದು ತಿಳಿದವರು ಈ ಭಾಗವನ್ನು ಇನ್ನೊಮ್ಮೆ ಓದಬೇಕು. ನಮ್ಮಲ್ಲಿಯೂ ಯಾರಿಗಾದರೂ ಯಾರಿಂದಲಾದರೂ ಅಂಥ ತೊಂದರೆಯಿದ್ದರೆ ತಾಯಿಗೋ ಅಧ್ಯಾಪಕರಿಗೋ ಹೇಳಲೇಬೇಕು. ವಾರಗಟ್ಟಲೆ ನಿದ್ರೆ ಊಟ ಬಿಟ್ಟುಹೋದರೆ ವೈದ್ಯರಲ್ಲಿಗೆ ಹೋಗಬೇಕು. ಜಪ ಮಾಡುವವನಿಗೂ ಜ್ವರ ಬಂದರೆ ಮದ್ದು ಬೇಕಷ್ಟೆ.

1931ನೆಯ ಇಸವಿ ಮೇ 15ರಂದು ಹುಟ್ಟೂರಿನ ಮಗ್ಗುಲಲ್ಲಿ, ಕಾಞಂಗಾಡಿನ ಮೂಡಣ ಗುಡ್ಡದ ಬುಡದಲ್ಲಿ ಆನಂದಾಶ್ರಮ ಆರಂಭವಾಯಿತು. ಆ ಸ್ಥಳಕ್ಕೆ ರಾಮನಗರವೆಂದು ಹೆಸರಾಯಿತು. ಜಾತಿಮತದ ಭೇದವಿಲ್ಲದೆ ಬಂದವರಿಗೆಲ್ಲ ಊಟ ವಸತಿ. ಕೃಷ್ಣಾಬಾಯಿಯವರ ಮುಂದಾಳುತನದಲ್ಲಿ ಸುತ್ತಲಿನ ಬಡವರ ಮಕ್ಕಳಿಗೆ ಶಾಲೆ, ರೋಗಿಗಳಿಗೆ ಧರ್ಮಾರ್ಥ ಚಿಕಿತ್ಸಾಲಯ, ಕೆಲಸವಿಲ್ಲದವರಿಗೆ ಕೈಕಸುಬು ಕಲಿಸುವ ಕೇಂದ್ರ ಒಂದೊಂದಾಗಿ ಎದ್ದವು. ಗಿರಣಿಯ ಕೆಲಸ ಹುಡುಕಿ ಊರೂರು ಅಲೆದಿದ್ದ ವಿಠಲರಾಯರ ಆಶ್ರಮದಲ್ಲಿ ಕೆಲಸವಿಲ್ಲದವರ ನೆನಪು ಉಳಿದದ್ದು ನಮಗಂತೂ ಬಹಳ ಮೆಚ್ಚಿಗೆಯಾಯಿತು.

ರಾಮದಾಸರ ದಿನಚರಿಯಲ್ಲಿ ಹೇಳಲೇಬೇಕಾದದ್ದು ಅವರ ಪತ್ರವ್ಯವಹಾರ. 1933ರಿಂದ 'ದಿ ವಿಷನ್' ಎಂಬ ಇಂಗ್ಲಿಷ್ ಮಾಸಪತ್ರಿಕೆ ಆಶ್ರಮದಿಂದ ಹೊರಡತೊಡಗಿತು. ಓದಿದವರು ದೂರದೂರದಿಂದ ತಮ್ಮ ಕಷ್ಟ ಹೇಳಿ ಬರೆಯುತ್ತಿದ್ದರು. ಮಗ ಸತ್ತವರು, ಕೆಲಸ ಹೋದವರು, ಮನಸ್ಸು ನಿಲ್ಲದೆಂದು ಅಳುವವರು. ಇವರೆಲ್ಲರಿಗೂ ಉತ್ತರ ಬರೆಯುವುದನ್ನು ಅವರು ಪೂಜೆಯ ಹಾಗೆ ನಡೆಸಿದರು. ಆ ಪತ್ರಗಳೇ ಪುಸ್ತಕಗಳಾಗಿ ಬಂದಿವೆ. ಹಿಂದೊಮ್ಮೆ ಮಂಗಳೂರಿನಲ್ಲಿ ನಿದ್ರೆಯಿಲ್ಲದೆ ಹೊರಳಿದ ಮನುಷ್ಯನಿಗೆ, ಇನ್ನೊಬ್ಬನ ನಿದ್ರೆಯಿಲ್ಲದ ರಾತ್ರಿ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಶ್ರಮದ ಹಳೆಯ ಚಿತ್ರಗಳಲ್ಲಿ ಅವರ ಮುಖವನ್ನು ನೋಡಿದವರಿಗೆ ಮೊದಲು ಕಾಣುವುದು ನಗು. ಹಲ್ಲಿಲ್ಲದ ಬಾಯಿ ತುಂಬ ಮಗುವಿನ ನಗು. ಕಥೆ ಹೇಳುತ್ತ ತಾವೇ ಮೊದಲು ನಕ್ಕುಬಿಡುತ್ತಿದ್ದರಂತೆ. ಗಂಭೀರ ಮುಖ ಹಾಕಿಕೊಂಡರೆ ಮಾತ್ರ ಆಧ್ಯಾತ್ಮ ಎಂದು ತಿಳಿದು ಬಂದವರು ಅಲ್ಲಿ ತಬ್ಬಿಬ್ಬಾಗುತ್ತಿದ್ದರು. 1954ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಕೃಷ್ಣಾಬಾಯಿಯವರೂ ಸ್ವಾಮಿ ಸಚ್ಚಿದಾನಂದರೂ ಜತೆಗೂಡಿ ಯುರೋಪು, ಅಮೇರಿಕ, ಜಪಾನುಗಳನ್ನು ಸುತ್ತಿ 1955ರಲ್ಲಿ ಮರಳಿದರು. ಆ ಪ್ರವಾಸದ ಕಥೆಯನ್ನೂ ಬರೆದಿದ್ದಾರೆ. ಅಲ್ಲಿಯೂ ಅವರು ಕಂಡದ್ದು ತಮ್ಮ ರಾಮನನ್ನೇ, ಉಡುಪು ಮಾತ್ರ ಬೇರೆ.

1963ರ ಜುಲಾಯಿ 25ರಂದು ಆನಂದಾಶ್ರಮದಲ್ಲಿ ರಾಮದಾಸರು ದೇಹ ಬಿಟ್ಟರು. ಅದೇ ವರ್ಷ ಸಪ್ಟೆಂಬರ್ 6ರಂದು ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳೂ ತೀರಿಕೊಂಡರು. ಹುಟ್ಟಿನಲ್ಲಿ ಒಂದು ವರ್ಷದ ಅಂತರ, ಸಾವಿನಲ್ಲಿ ಒಂದೂವರೆ ತಿಂಗಳಷ್ಟೆ. ಮಾತೆಯೆಂದು ಹೆಸರಾದ ಕೃಷ್ಣಾಬಾಯಿಯವರು 1989ರ ತನಕ, ಸಚ್ಚಿದಾನಂದರು 2008ರ ತನಕ ಆಶ್ರಮವನ್ನು ನಡೆಸಿಕೊಂಡು ಬಂದರು.

ಈಗಲೂ ಆ ಆಶ್ರಮದಲ್ಲಿ ಬೆಳಗಿನಿಂದ ರಾತ್ರಿಯ ತನಕ ಭಜನೆಯ ಹಜಾರದಲ್ಲಿ ಅದೇ ರಾಮಮಂತ್ರ ನಡೆಯುತ್ತಿರುತ್ತದೆ. ಒಬ್ಬರು ದಣಿದು ಎದ್ದರೆ ಇನ್ನೊಬ್ಬರು ಬಂದು ಕುಳಿತು ಮುಂದುವರಿಸುತ್ತಾರೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವರ ತುಟಿಯಲ್ಲಿಯೂ ಅದೇ. ಬಂದವರಲ್ಲಿ ಮಲಯಾಳ ಮಾತಾಡುವವರು, ಕೊಂಕಣಿಯವರು, ಕನ್ನಡದವರು, ತಮಿಳರು, ಬಿಳಿಯರು ಎಲ್ಲರೂ ಇರುತ್ತಾರೆ. ನಾವು ಕೆಲವು ಗೆಳೆಯರು ಒಂದು ರಜೆಯ ದಿನ ಹೋಗಿದ್ದಾಗ ಹಜಾರದ ಮೂಲೆಯಲ್ಲಿ ಅಂಗಡಿಯ ಯಜಮಾನರಂತೆ ಕಾಣುವ ಒಬ್ಬರು ಕಣ್ಣು ಮುಚ್ಚಿ ಕುಳಿತಿದ್ದರು. ಪಕ್ಕದಲ್ಲಿ ಚೀಲ, ಚೀಲದಿಂದ ಹೊರಗೆ ಇಣುಕುವ ಲೆಕ್ಕದ ಪುಸ್ತಕ. ಸುಮಾರು ಅರ್ಧ ಗಂಟೆಯ ಬಳಿಕ ಅವರು ಎದ್ದು, ಮುಖ ಒರೆಸಿಕೊಂಡು, ಚೀಲವನ್ನು ಕೈಗೆತ್ತಿಕೊಂಡು ಪೇಟೆಯ ಬಸ್ಸಿಗೆ ಹೊರಟರು.